ಲೈನ್ ಬಿಡದ ಅತ್ತೆ

ಬಟ್ಟೆ ಒಗೆಯುವ ಮೆಷಿನ್ನು ಅತ್ತೆಯ ಬೆಡ್‌ಶೀಟನ್ನು ಬಾಯಲ್ಲಿ ಕಚ್ಚಿಕೊಂಡು ನಿಂತುಬಿಟ್ಟದ್ದು ಒಂದು ಸೋಮವಾರ ಬೆಳಿಗ್ಗೆ. ಗಾಜಿನ ಬಾಗಿಲ ಹಿಂದೆ ಅರ್ಧಕ್ಕೆ ಬೂದು ನೀರು, ನೀರಿನಲ್ಲಿ ಮುಳುಗಿದ ನೀಲಿ ಹೂವಿನ ಬೆಡ್‌ಶೀಟು. ಮೇಲಿನ ಪುಟ್ಟ ಪರದೆಯಲ್ಲಿ ಯಾವುದೋ ಒಂದು ಅಕ್ಷರ, ಯಾವುದೋ ಒಂದು ಅಂಕಿ, ಮಿಣುಕ್ ಮಿಣುಕ್ ಅನ್ನುತ್ತಿತ್ತು. ಸ್ಕೂಟರ್ ಟೀಚರ್ ಗುಂಡಿ ಒತ್ತಿದಳು, ಸ್ವಿಚ್ ಆರಿಸಿ ಹಾಕಿದಳು, ಬಾಗಿಲು ಜಗ್ಗಿದಳು, ಕೊನೆಗೆ ಅದರ ಪಕ್ಕೆಗೊಂದು ಗುದ್ದು ಕೊಟ್ಟಳು. ಅದು ಜಪ್ಪಯ್ಯ ಅಂದರೂ ಬಾಯಿ ಬಿಡಲಿಲ್ಲ.

ಅವಳನ್ನು ಬೀದಿಯವರೆಲ್ಲ ಕರೆಯುವುದೇ ಸ್ಕೂಟರ್ ಟೀಚರ್ ಎಂದು. ನೀರಿನ ಟ್ಯಾಂಕಿನ ಹಿಂದಿನ ಬಯಲಿನಲ್ಲಿ ದಿನಾ ಬೆಳಿಗ್ಗೆ ಹೆಂಗಸರಿಗೆ ಸ್ಕೂಟರ್ ಕಲಿಸುತ್ತಾಳೆ. ಅಲ್ಲಿಗೆ ಬರುವವರು ಹೆಚ್ಚಿನವರು ಎಳೆಯರಲ್ಲ. ಮಕ್ಕಳನ್ನು ಬೆಳೆಸಿ, ಮಂಡಿನೋವು ಶುರುವಾದ ಮೇಲೆ, ಇನ್ನು ಎಲ್ಲಿಗಾದರೂ ಹೋಗಲು ಯಾರನ್ನೂ ಕಾಯುವುದಿಲ್ಲ ಎಂದು ಗಟ್ಟಿ ಮಾಡಿಕೊಂಡವರು. ಬ್ರೇಕ್ ಹಿಡಿಯಬೇಕಾದಾಗ ಕಣ್ಣು ಮುಚ್ಚುವವರು, ಕಾಲೆರಡನ್ನೂ ನೆಲಕ್ಕೆ ಎಳೆಯುತ್ತ ಗಾಡಿ ಬಿಡುವವರು. ಅವರ ಹಿಂದೆ ಓಡುತ್ತ ಓಡುತ್ತ, ಹಿಡಿದಿದ್ದೇನೆ ಹಿಡಿದಿದ್ದೇನೆ ಎಂದು ಕೂಗುತ್ತಲೇ ಕೈ ಬಿಟ್ಟುಬಿಡುವುದು ಅವಳ ವಿದ್ಯೆ. ಆ ಹೊತ್ತಿನಲ್ಲಿ ಅವಳು ಯಾರ ಸೊಸೆಯೂ ಅಲ್ಲ, ಯಾರ ಹೆಂಡತಿಯೂ ಅಲ್ಲ.

ಆ ಹೊತ್ತನ್ನು ಅವಳಿಗೆ ಕೊಟ್ಟದ್ದು ಈ ಮೆಷಿನ್ನು. ಅತ್ತೆ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದ ಮೇಲೆ ದಿನ ಬೆಳಗಾದರೆ ಒದ್ದೆ ಬೆಡ್‌ಶೀಟು. ಡೈಪರ್ ಹಾಕಿದರೆ ಅವರ ಚರ್ಮ ಬೆಂದ ಹಾಗೆ ಕೆಂಪಾಗುತ್ತಿತ್ತು. ಲಾಂಡ್ರಿಯವನು ಅಂಥವನ್ನು ಮುಟ್ಟುವುದಿಲ್ಲ ಎಂದು ಮೊದಲೇ ಹೇಳಿದ್ದ. ಬೆಳಿಗ್ಗೆ ಎದ್ದು ಶೀಟು ತುಂಬಿಸಿ ಗುಂಡಿ ಒತ್ತಿ ಹೋದರೆ, ಬಯಲಿನಿಂದ ಮರಳುವಷ್ಟರಲ್ಲಿ ಅದು ಹಿಂಡಿ ಇಟ್ಟಿರುತ್ತಿತ್ತು. ಯಾಕೆ ಎಂದು ಕೇಳದೆ, ಎಲ್ಲಿಗೆ ಹೊರಟೆ ಎಂದು ಕೇಳದೆ ಕೆಲಸ ಮಾಡಿಕೊಡುವ ಜೀವ ಆ ಮನೆಯಲ್ಲಿ ಅದೊಂದೇ ಎಂದು ಟೀಚರ್ ತಮಾಷೆ ಮಾಡುತ್ತಿದ್ದಳು.

"ರೀ, ಮೆಷಿನ್ ಕೆಟ್ಟಿದೆ," ಎಂದು ಅವಳು ಬಚ್ಚಲಿನಿಂದಲೇ ಕೂಗಿದಳು.

"ನನ್ನ ವಿಷಲ್ ಎಲ್ಲಿಟ್ಟೆ?" ಎಂದು ಗಂಡ ಕೋಣೆಯಿಂದ ಕೂಗಿದ.

ಗಂಡ ಬಸ್ ಕಂಡಕ್ಟರ್. ಒಳ್ಳೆಯ ಮನುಷ್ಯ. ಕೆಟ್ಟ ಮಾತು ಆಡಿದವನಲ್ಲ, ಕೈ ಎತ್ತಿದವನಲ್ಲ. ಆದರೆ ಮನೆಯಲ್ಲಿ ಕಳೆದುಹೋದದ್ದನ್ನೆಲ್ಲ ಹೆಂಡತಿಯೇ ಎಲ್ಲೋ ಇಟ್ಟಿರುತ್ತಾಳೆ ಎಂದು ನಂಬಿದವನು. ವಿಷಲ್ ಹೋಗಿ ಎರಡು ದಿನವಾಗಿತ್ತು. ಡಿಪೋದಲ್ಲಿ ಯಾರದ್ದೋ ಕೇಳಿ ತೆಗೆದುಕೊಂಡು ಊದುವುದು ಅವನಿಗೆ ಹೇಸಿಗೆ. ಹಾಗಾಗಿ ಬಸ್ಸಿನ ಪಕ್ಕೆ ಬಡಿದು ಬಡಿದು ಅಂಗೈ ಕೆಂಪು ಮಾಡಿಕೊಂಡಿದ್ದ.

"ಕಂಪನಿಗೆ ಫೋನ್ ಮಾಡು, ಬಂದು ಸರಿ ಮಾಡ್ತಾರೆ," ಎಂದು ಹೇಳಿ ಹೊರಟ. ಅವನ ಪಾಲಿಗೆ ಅಲ್ಲಿಗೆ ಮೆಷಿನ್ ಸರಿಯಾಗಿತ್ತು.

ಫೋನ್ ಮಾಡುವುದೆಂದರೇನು ಎಂದು ಟೀಚರಿಗೆ ಆ ವಾರ ತಿಳಿಯಿತು. ಮೊದಲು ಒಂದು ಧ್ವನಿ ಬಂದು, ನಿಮ್ಮ ಕರೆ ನಮಗೆ ಬಹಳ ಅಮೂಲ್ಯ ಎನ್ನುತ್ತದೆ. ಆಮೇಲೆ ಒಂದನ್ನು ಒತ್ತಿ, ಎರಡನ್ನು ಒತ್ತಿ ಎನ್ನುತ್ತದೆ. ಒತ್ತಿದರೆ ಸಂಗೀತ. ಒಂದೇ ಸಾಲಿನ ಸಂಗೀತ, ತಿರುಗಿ ತಿರುಗಿ ಅದೇ. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕುತ್ತದೆ, ಅತ್ತೆಯನ್ನು ಮಗ್ಗುಲು ತಿರುಗಿಸುವ ಹೊತ್ತಾಗುತ್ತದೆ, ಬಾಗಿಲಿಗೆ ಯಾರೋ ಬರುತ್ತಾರೆ. ಲೈನ್ ಹಿಡಿದು ಕಾಯುವುದೂ ಒಂದು ಕೆಲಸವೇ. ಆದರೆ ಮನೆಗೆಲಸ ಅಂದಾಗ ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ. ಅಂತೂ ಇಂತೂ ದೂರು ದಾಖಲಾಯಿತು. ನಾಳೆ ಬರುತ್ತಾರೆ ಎಂದರು. ಯಾರೂ ಬರಲಿಲ್ಲ. ಮತ್ತೆ ಫೋನ್ ಮಾಡಿದರೆ, "ಮೇಡಂ, ನಿಮ್ಮ ನಂಬರಲ್ಲಿ ಯಾವ ದೂರೂ ಬಾಕಿ ಇಲ್ಲ," ಎಂದರು. ಮತ್ತೆ ದೂರು ಕೊಟ್ಟಳು. ಮತ್ತೆ ನಾಳೆ. ಮತ್ತೆ ಯಾವ ದೂರೂ ಬಾಕಿ ಇಲ್ಲ. ಮೂರನೆಯ ಸಲವೂ ಅದೇ.

ಅವರು ಕೇಳಿದ ನಂಬರು ಕಂಡಕ್ಟರನದು. ಮೆಷಿನ್ ಆರಿಸಿದ್ದು ಟೀಚರ್, ಬಾಗಿಲಲ್ಲಿ ತೂರುತ್ತದೋ ಇಲ್ಲವೋ ಎಂದು ಮೊಳ ಹಾಕಿ ನೋಡಿದ್ದು ಟೀಚರ್. ಆದರೆ ಅಂಗಡಿಯಲ್ಲಿ ಬಿಲ್ಲು ಬರೆಯುವವನು ಅವಳ ತಲೆಯ ಮೇಲಿನಿಂದ ನೋಡಿ, "ಸಾರ್, ನಿಮ್ಮ ನಂಬರ್ ಹೇಳಿ," ಎಂದಿದ್ದ. ಸಾರ್ ಹೇಳಿದ್ದರು.

ಇತ್ತ ಅವಳ ಬೆಳಗುಗಳು ಬಚ್ಚಲಿನಲ್ಲಿ ಕಳೆಯತೊಡಗಿದವು. ಕೈಯಲ್ಲಿ ದಪ್ಪ ಬೆಡ್‌ಶೀಟು ಒಗೆಯುವುದೆಂದರೆ ಅದನ್ನು ಎತ್ತುವುದೇ ಅರ್ಧ ಕೆಲಸ. ನೀರು ಕುಡಿದ ಬಟ್ಟೆ ಒಂದು ಮಗುವಿನ ಭಾರ. ಹಿಂಡಿ ಹಿಂಡಿ ಮಣಿಕಟ್ಟು ಊದಿಕೊಂಡಿತು, ಸ್ಕೂಟರಿನ ಬ್ರೇಕ್ ಹಿಡಿದರೆ ಜೀವ ಹೋದಂತೆ. ಬಯಲಿಗೆ ಹೋಗುವುದು ತಪ್ಪಿತು. ಕಲಿಯುವವರು ಎರಡು ದಿನ ಕಾದು, ಮೂರನೆಯ ದಿನ ಫೋನ್ ಮಾಡಿದರು. "ಟೀಚರೇ, ಈಗ ತಾನೇ ಬ್ಯಾಲೆನ್ಸ್ ಬಂದಿತ್ತು. ಬಿಟ್ರೆ ಮರೆತುಹೋಗತ್ತೆ. ಮೇನ್ ರೋಡಲ್ಲಿ ಇನ್ನೊಬ್ಬರು ಕಲಿಸ್ತಾರಂತೆ, ಹೋಗ್ಲಾ?" ಎಂದು ಅವರಲ್ಲೊಬ್ಬಳಾದ ನರ್ಸಮ್ಮ ಕೇಳಿದಾಗ ಟೀಚರ್ ಹೂಂ ಎಂದಳು.

ಕಂಡಕ್ಟರ್ ಒಂದು ರಜೆಯ ದಿನ ಪಾಪ ಅನ್ನಿಸಿ ತಾನೇ ಒಂದು ಶೀಟು ಒಗೆದ. ಒಗೆದು ಹಿತ್ತಲಲ್ಲಿ ಹರವಿ, ಸೊಂಟಕ್ಕೆ ಕೈ ಕೊಟ್ಟು ನಿಂತು ಅದನ್ನೇ ನೋಡಿದ. ಸಂಜೆಯೊಳಗೆ ಬೀದಿಯಲ್ಲಿ ಎಲ್ಲರಿಗೂ ಆ ಸುದ್ದಿ ಗೊತ್ತಾಗಿತ್ತು. ಟೀಚರ್ ಒಗೆದ ಶೀಟುಗಳ ಸುದ್ದಿ ಮಾತ್ರ ಯಾರಿಗೂ ಮುಟ್ಟಿರಲಿಲ್ಲ.

ನಡುವೆ ಒಂದು ಸಮಾಧಾನ ಇತ್ತು. ಶೀಟುಗಳು ಕಡಿಮೆಯಾಗುತ್ತಿದ್ದವು. ಮೊದಲು ದಿನಕ್ಕೆ ಮೂರು ನಾಲ್ಕು ಬದಲಾಯಿಸಬೇಕಿದ್ದದ್ದು ಎರಡಕ್ಕೆ ಇಳಿಯಿತು, ಒಂದು ದಿನ ಒಂದಕ್ಕೇ ಇಳಿಯಿತು. ದೇವರು ದೊಡ್ಡವನು ಎಂದುಕೊಂಡಳು ಟೀಚರ್. ಯಾಕೆ ಕಡಿಮೆಯಾಯಿತು ಎಂದು ಕೇಳಿಕೊಳ್ಳುವಷ್ಟು ಬಿಡುವು ಅವಳಿಗಿರಲಿಲ್ಲ.

ಫೋನನ್ನು ಅತ್ತೆ ಕೈಗೆ ತೆಗೆದುಕೊಂಡದ್ದು ಆ ವಾರದ ಕೊನೆಗೆ. ಟೀಚರ್ ಸೋಪಿನ ಕೈಯಲ್ಲೇ ಅತ್ತೆಯ ಫೋನಿನಿಂದ ಮತ್ತೆ ಕಂಪನಿಗೆ ಹಚ್ಚಿ, ಕಾದು ಕಾದು ಸಾಕಾಗಿ, "ಹಾಳಾಗಿ ಹೋಗ್ಲಿ" ಎಂದು ಕತ್ತರಿಸಲು ಹೊರಟಿದ್ದಳು.

"ಲೈನ್ ಬಿಡಬೇಡ್ವೇ!" ಎಂದು ಹಾಸಿಗೆಯಿಂದ ಗದರಿಕೆ ಬಂತು. "ಕೊಡು ಇಲ್ಲಿ. ನನಗೆ ಬೇರೆ ಏನು ಕೆಲಸ?"

ಅತ್ತೆ ಒಂದು ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಕಿವಿಗೆ ಹೆಡ್‌ಸೆಟ್ಟು, ಎದುರಿಗೆ ತೂತು ತೂತಿನ ಉದ್ದನೆಯ ಬೋರ್ಡು. ಒಂದು ಊರಿನ ತಂತಿಯನ್ನು ಇನ್ನೊಂದು ಊರಿನ ತೂತಿಗೆ ಸಿಕ್ಕಿಸಿ ಜನರನ್ನು ಜನರಿಗೆ ಕೂಡಿಸುವುದು ಕೆಲಸ. ಹುಟ್ಟಿದ ಸುದ್ದಿ, ಸತ್ತ ಸುದ್ದಿ, ಮುನಿಸು, ರಾಜಿ, ಎಲ್ಲ ಅವರ ಕೈಯ ಮೇಲೆ ಹಾದುಹೋಗುತ್ತಿತ್ತು. 'ಲೈನ್‌ನಲ್ಲೇ ಇರಿ' ಅನ್ನುವುದನ್ನು ಅವರು ಎಷ್ಟು ಸಲ ಹೇಳಿದ್ದರೆಂದರೆ, ಮನೆಯಲ್ಲಿ ಮಗ ಊಟಕ್ಕೆ ಕೂಗಿದರೂ ಬಾಯಿಂದ ಅದೇ ಬರುತ್ತಿತ್ತಂತೆ. ಸೊಂಟ ಮುರಿದರೂ ಧ್ವನಿ ಮುರಿದಿರಲಿಲ್ಲ.

ದಿಂಬಿನ ಪಕ್ಕ ಫೋನಿಟ್ಟು ಸ್ಪೀಕರ್ ಹಾಕಿಕೊಂಡು ಅತ್ತೆ ಕಾಯತೊಡಗಿದರು. ಕಾಯುತ್ತ ಟೀಕೆ ಬೇರೆ. "ಈ ಹುಡುಗಿ ಉಸಿರೇ ತಗೊಳ್ಳಲ್ಲ ನೋಡು. ಅಮೂಲ್ಯ ಅಂತಾಳೆ, ಎತ್ತೋರು ಗತಿ ಇಲ್ಲ. ನಾವು ಕಾಯಿಸಿದ್ರೆ ನಡುನಡುವೆ ಹೋಗಿ, ಇದೀರಾ, ಇನ್ನೊಂದ್ ಚೂರು ಇರಿ ಅಂತ ಹೇಳಿ ಬರ್ತಿದ್ವಿ. ಕಾಯೋರಿಗೆ ಅಷ್ಟೇ ಸಾಕು."

ಟೀಚರ್ ಪಕ್ಕದಲ್ಲಿ ಕೂತು ಒಣಗಿದ ಶೀಟು ಮಡಿಸುತ್ತಿದ್ದಳು. ಕೊನೆಗೊಮ್ಮೆ ಸಂಗೀತ ನಿಂತು ನಿಜವಾದ ಹುಡುಗಿಯೊಬ್ಬಳ ಧ್ವನಿ ಬಂತು. ಒಣಗಿದ, ಬಿರುಕು ಬಿಟ್ಟ ಧ್ವನಿ. ಅತ್ತೆ ದೂರು ಹೇಳಲಿಲ್ಲ.

"ಏನಮ್ಮಾ, ಗಂಟಲು ಹೀಗಾಗಿದೆ? ಜ್ವರವಾ?"

ಹುಡುಗಿ ತಡವರಿಸಿದಳು. "ಇಲ್ಲ... ಮೇಡಂ, ನಿಮ್ಮ ನೋಂದಾಯಿತ ನಂಬರ್..."

"ನಂಬರ್ ಹೇಳ್ತೀನಿ ಕಣಮ್ಮ, ಎಲ್ಲಿಗೂ ಓಡಿಹೋಗಲ್ಲ. ಬೆಳಿಗ್ಗೆಯಿಂದ ನೀರು ಕುಡಿದ್ಯಾ?"

ಹುಡುಗಿ ದನಿ ತಗ್ಗಿಸಿದಳು. ಪಕ್ಕದವರಿಗೆ ಕೇಳದ ಹಾಗೆ, "ಇಲ್ಲ ಅಮ್ಮ. ಕುಡಿದ್ರೆ ಎದ್ದು ಹೋಗ್ಬೇಕಾಗತ್ತೆ. ಎದ್ದು ಹೋದ ಹೊತ್ತನ್ನ ಊಟದ ಬ್ರೇಕಲ್ಲಿ ಹಿಡೀತಾರೆ. ಅದಕ್ಕೇ ಎಲ್ಲರೂ ಹಾಗೇ ಮಾಡ್ತೀವಿ."

ಅತ್ತೆ ನಕ್ಕರು. ಹಳೆಯ ಗೆಳತಿ ಸಿಕ್ಕಿದಾಗ ನಗುವ ಹಾಗೆ. "ಅಯ್ಯೋ, ನಾವೂ ಅದೇ ಮಾಡ್ತಿದ್ವಲ್ಲೇ! ಬೋರ್ಡ್ ಬಿಟ್ಟು ಏಳೋ ಹಾಗಿಲ್ಲ. ಡ್ಯೂಟಿಗೆ ಮುಂಚೆ ಒಂದು ಗುಟುಕು, ಡ್ಯೂಟಿ ಮುಗಿದ ಮೇಲೆ ಒಂದು ಚೊಂಬು. ಅಭ್ಯಾಸ ಆಗ್ಬಿಟ್ರೆ ಏನೂ ಅನ್ಸಲ್ಲ. ಈಗಲೂ ಬೇಕು ಅಂದ್ರೆ ಹಾಗೇ ಇರ್ತೀನಿ ನಾನು."

ಟೀಚರ್ ಕೈಯಲ್ಲಿ ಶೀಟು ಅರ್ಧ ಮಡಿಕೆಯಲ್ಲೇ ನಿಂತಿತು. ಅವಳು ಮಂಚದ ಪಕ್ಕದ ಸ್ಟೂಲಿನ ಕಡೆ ನೋಡಿದಳು. ಬೆಳಿಗ್ಗೆ ತಾನೇ ತುಂಬಿಸಿ ಇಟ್ಟ ಜಗ್ಗು. ಮುಚ್ಚಳ ತೆಗೆದಳು. ಕತ್ತಿನವರೆಗೂ ನೀರು. ಲೋಟದ ತಳ ಒಣಗಿ ಬೆಳ್ಳಗಿತ್ತು. ಆಮೇಲೆ ಅತ್ತೆಯ ತುಟಿ ನೋಡಿದಳು. ಅವೂ ಹಾಗೇ ಒಣಗಿದ್ದವು. ಈ ವಾರವೆಲ್ಲ ಆ ಮುಖ ಒರೆಸಿದ್ದಾಳೆ, ಆ ತಲೆ ಬಾಚಿದ್ದಾಳೆ. ತುಟಿ ಕಣ್ಣಿಗೆ ಬಿದ್ದಿರಲಿಲ್ಲ. ಕಡಿಮೆಯಾದ ಶೀಟುಗಳಿಗೆ ದೇವರನ್ನು ಹೊಗಳಿದ್ದಳು.

"ಅತ್ತೆ, ನೀರು ಯಾಕೆ ಕುಡಿದಿಲ್ಲ?"

"ಬಾಯಾರಿಕೆ ಇಲ್ಲ ಕಣೇ."

"ಎಷ್ಟು ದಿನದಿಂದ ಬಾಯಾರಿಕೆ ಇಲ್ಲ?"

ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿದರು. "ನಿನ್ನ ಕೈ ನೋಡಿದೀನಿ ನಾನು. ಸೌಟು ಹಿಡಿಯೋಕೆ ಆಗ್ತಿಲ್ಲ ನಿನಗೆ. ಆ ನರ್ಸಮ್ಮ ಫೋನ್ ಮಾಡಿದ್ದೂ ಕೇಳಿಸ್ತು. ನನಗೆ ಸೊಂಟ ಮುರಿದಿದೆ, ಕಿವಿ ಮುರಿದಿಲ್ಲ. ನಾನೊಂದು ಲೋಟ ಕಡಿಮೆ ಕುಡಿದ್ರೆ ನಿನಗೊಂದು ಶೀಟು ಕಡಿಮೆ. ಅಷ್ಟೇ ತಾನೆ?"

ಟೀಚರಿಗೆ ಸಿಟ್ಟು ಬಂತು, ಅಳು ಬಂತು, ಎರಡೂ ಒಟ್ಟಿಗೆ ಬಂದವು. ಮದುವೆಯಾಗಿ ಬಂದಾಗಿನಿಂದ ಅವಳ ಮೈನೋವನ್ನು ಹೇಳದೆ ಕಂಡುಕೊಂಡವರು ಈ ಮನೆಯಲ್ಲಿ ಯಾರೂ ಇಲ್ಲ ಎಂದುಕೊಂಡಿದ್ದಳು. ಕಂಡುಕೊಂಡವರು ಮಲಗಿದ ಕಡೆಯಿಂದಲೇ ತಮ್ಮಿಂದಾದದ್ದನ್ನು ಮಾಡುತ್ತಿದ್ದರು. ಮಾಡಬಾರದ್ದನ್ನು ಮಾಡುತ್ತಿದ್ದರು.

"ಹಲೋ... ಅಮ್ಮ?" ಎಂದಿತು ದಿಂಬಿನ ಪಕ್ಕದ ಫೋನು. ಇಬ್ಬರೂ ಅದನ್ನು ಮರೆತಿದ್ದರು.

"ಇದೀನಮ್ಮ, ಲೈನ್‌ನಲ್ಲೇ ಇದೀನಿ," ಎಂದು ಅತ್ತೆ ಗಂಟಲು ಸರಿ ಮಾಡಿಕೊಂಡರು. ನಂಬರು ಹೇಳಿದರು.

ಅತ್ತೆ ಸೊಸೆಯ ಮಾತು ಕೇಳಿಸಿಕೊಂಡದ್ದರಿಂದಲೋ ಏನೋ, ಹುಡುಗಿ ಈಗ ಬರೆದದ್ದನ್ನು ಓದಿದಂತೆ ಮಾತಾಡಲಿಲ್ಲ, ಮನೆಯವಳಂತೆ ಮಾತಾಡಿದಳು. "ಅಮ್ಮ, ಇಲ್ಲಿ ಮೂರು ದೂರು ಇದೆ. ಮೂರೂ ಸರಿಯಾಗಿದೆ ಅಂತ ಮುಚ್ಚಿದಾರೆ. ರಿಪೇರಿ ಆದ ಮೇಲೆ ಗಿರಾಕಿ ಒಂದು ಕೋಡ್ ಹೇಳ್ಬೇಕು. ಸಾರ್ ಮೂರು ಸಲಾನೂ ಕೋಡ್ ಹೇಳಿದಾರೆ. ಐದು ಸ್ಟಾರೂ ಕೊಟ್ಟಿದಾರೆ."

ಅತ್ತೆ ಸೊಸೆ ಮುಖ ಮುಖ ನೋಡಿಕೊಂಡರು. ಟೀಚರ್ ತನ್ನ ಫೋನಿನಿಂದ ಗಂಡನಿಗೆ ಹಚ್ಚಿ ಸ್ಪೀಕರ್ ಹಾಕಿದಳು. ಹಿಂದುಗಡೆ ಬಸ್ಸಿನ ಗದ್ದಲ.

"ರೀ, ಮೆಷಿನ್ ಕಂಪನಿಯವರು ನಿಮಗೆ ಫೋನ್ ಮಾಡಿದ್ರಾ?"

"ಹೂಂ, ಮಾಡ್ತಾನೇ ಇರ್ತಾರಲ್ಲ. ಕೋಡ್ ಹೇಳಿ ಅಂತಾರೆ, ಹೇಳ್ತೀನಿ. ಒಳ್ಳೇ ಹುಡುಗ, ಸ್ಟಾರ್ ಕೊಡಿ ಸಾರ್ ಅಂದ, ಕೊಟ್ಟೆ. ಯಾಕೆ, ಇನ್ನೂ ಬಂದಿಲ್ವಾ?"

ತುಂಬಿದ ಬಸ್ಸಿನಲ್ಲಿ ಕೇಳಿದವರಿಗೆ ಕೇಳಿದ್ದನ್ನು ಕೊಟ್ಟು ಮುಂದೆ ಸಾಗಿಸುವುದು ಅವನ ಕಸುಬು. ಟಿಕೆಟ್ ಕೇಳಿದರೆ ಟಿಕೆಟ್, ಚಿಲ್ಲರೆ ಕೇಳಿದರೆ ಚಿಲ್ಲರೆ, ಕೋಡ್ ಕೇಳಿದರೆ ಕೋಡ್. ಮೆಷಿನ್ ತಿರುಗುತ್ತಿದೆಯೋ ಇಲ್ಲವೋ ಎಂಬುದು ಅವನ ನೆನಪಿಗೆ ಬರಬೇಕಾದರೆ ಬಟ್ಟೆ ಅವನ ಕೈಯಲ್ಲಿರಬೇಕಿತ್ತು. ಅವನ ಯೂನಿಫಾರಂ ಮಾತ್ರ ದಿನಾ ಒಗೆದು ಗೂಟಕ್ಕೆ ಬಂದು ನೇತಾಡುತ್ತಿತ್ತಲ್ಲ.

"ಮಂಕೇ!" ಎಂದು ಅತ್ತೆ ಹಾಸಿಗೆಯಿಂದ ಗುಡುಗಿದರು. "ಬರದೇ ಇರೋ ಮೆಕ್ಯಾನಿಕ್‌ಗೆ ಸ್ಟಾರ್ ಕೊಟ್ಯೇನೋ!"

"ಅಮ್ಮಾ? ಅಮ್ಮನೂ ಇದಾಳಾ?" ಎಂದ ಕಂಡಕ್ಟರ್, ಸಣ್ಣ ದನಿಯಲ್ಲಿ.

ಫೋನಿನ ಹುಡುಗಿಗೆ ನಗು ತಡೆಯಲಾಗಲಿಲ್ಲ. ತಡೆದುಕೊಂಡು, ನಂಬರ್ ಬದಲಾಯಿಸಿಕೊಡುತ್ತೇನೆ, ಆಮೇಲೆ ಕೋಡ್ ಮನೆಯವರಿಗೇ ಬರುತ್ತದೆ ಎಂದಳು. ಆದರೆ ಬದಲಾಯಿಸಲೂ ಒಂದು ಕೋಡ್ ಬೇಕು, ಅದು ಸಾರ್ ಫೋನಿಗೇ ಹೋಗುತ್ತದೆ.

"ಈಗ ಬಂತು ನೋಡಿ, ಹೇಳಿ," ಎಂದಳು ಟೀಚರ್ ಗಂಡನಿಗೆ.

ಕಂಡಕ್ಟರ್ ಮೊಟ್ಟಮೊದಲ ಬಾರಿಗೆ ಮೆಸೇಜನ್ನು ಪೂರ್ತಿ ಓದುತ್ತಿದ್ದ. "ಅಲ್ಲ ಕಣೇ... ಇದನ್ನ ಯಾರಿಗೂ ಹೇಳಬೇಡಿ ಅಂತ ಬರೆದಿದಾರಲ್ಲ?"

ಟೀಚರಿಗೆ ನಗೆ ಅಳುವಿನ ಮಧ್ಯದಿಂದ ಕಿತ್ತುಕೊಂಡು ಬಂತು. ಅತ್ತೆಯೂ ನಕ್ಕರು, ನಕ್ಕು ಸೊಂಟ ನೊಂದು ಅಯ್ಯೋ ಅಂದರು. ಕೋಡ್ ಅಂತೂ ಬಂತು.

"ಹೊಸ ನಂಬರ್ ಯಾರದ್ದು ಹಾಕ್ಲಿ?" ಎಂದಳು ಹುಡುಗಿ.

ಟೀಚರ್ ತನ್ನದನ್ನು ಹೇಳಲು ಬಾಯಿ ತೆರೆದವಳು ಅತ್ತೆಯ ಕಡೆ ನೋಡಿದಳು. "ನಮ್ಮ ಅತ್ತೆಯದ್ದು ಹಾಕಮ್ಮ. ಅವರು ಲೈನ್ ಬಿಡೋರಲ್ಲ."

"ಅವಳಿಗೆ ಬೆಳಿಗ್ಗೆ ಕ್ಲಾಸಿರತ್ತೆ," ಎಂದು ಅತ್ತೆ ಫೋನಿಗೆ ವಿವರಣೆ ಕೊಟ್ಟರು. "ಮೆಷಿನ್ ಈ ಗೋಡೆ ಆಚೆಗೇ ಇರೋದು. ತಿರುಗಿದ್ರೆ ನನಗೆ ಕೇಳತ್ತೆ. ಕೇಳದೆ ನಾನು ಕೋಡ್ ಹೇಳಲ್ಲ." ಆಮೇಲೆ ಮೆಲ್ಲಗೆ ಸೇರಿಸಿದರು. "ಈಗ ಎದ್ದು ಹೋಗಿ ನೀರು ಕುಡಿ ಮಗಳೇ. ಬ್ರೇಕಲ್ಲಿ ಹಿಡಿದ್ರೆ ಹಿಡೀಲಿ."

"ನೀವೂ ಕುಡೀರಿ ಅಮ್ಮ," ಎಂದಳು ಹುಡುಗಿ. "ಇಬ್ಬರೂ ಕುಡಿಯೋಣ."

ಟೀಚರ್ ಲೋಟ ತುಂಬಿಸಿ ಅತ್ತೆಯ ಕತ್ತಿನ ಹಿಂದೆ ಕೈ ಕೊಟ್ಟು ಎತ್ತಿದಳು. ಅತ್ತೆ ಕುಡಿದರು. ಮೊದಲು ಗುಟುಕು ಗುಟುಕಾಗಿ, ಆಮೇಲೆ ಗಟಗಟನೆ, ಗಲ್ಲದ ಮೇಲೆ ಇಳಿಸಿಕೊಂಡು. ಆ ರಾತ್ರಿ ಮೂರು ಶೀಟು ಒದ್ದೆಯಾಯಿತು. ಮೂರನ್ನೂ ಬೆಳಿಗ್ಗೆ ಕಂಡಕ್ಟರ್ ಒಗೆದ. ಡ್ಯೂಟಿಗೆ ಮುಂಚೆ, ಯಾರಿಗೂ ಸುದ್ದಿ ಹೇಳದೆ.

ಮರುದಿನ ಮಧ್ಯಾಹ್ನ ಮೆಕ್ಯಾನಿಕ್ ನಿಜಕ್ಕೂ ಬಂದ. ಬೆವರಿದ ಅಂಗಿ, ಹೆಗಲಿಗೆ ಭಾರದ ಚೀಲ. ಮೆಷಿನ್ನಿನ ಕೆಳಮೂಲೆಯಲ್ಲಿ ಇಷ್ಟಗಲದ ಒಂದು ಬಾಗಿಲಿತ್ತು. ಟೀಚರ್ ದಿನಾ ಒರೆಸುತ್ತಿದ್ದ ಜಾಗವೇ. ಅದು ತೆರೆಯುತ್ತದೆಂದು ಅಂಗಡಿಯವನು ಹೇಳಿರಲಿಲ್ಲ. ಹತ್ತು ಭಾಷೆಯ ಕೈಪಿಡಿಯಲ್ಲಿ ಅವಳ ಭಾಷೆ ಇರಲಿಲ್ಲ. ಮೆಕ್ಯಾನಿಕ್ ಅದನ್ನು ತೆಗೆದು, ಕೆಳಗೆ ಬೋಗುಣಿ ಇಟ್ಟು ನಾತದ ನೀರು ಇಳಿಸಿ, ಒಳಗೆ ಬೆರಳು ಹಾಕಿ ಜಗ್ಗಿದ. ಕಪ್ಪು ದಾರ ಬಂತು. ದಾರದ ತುದಿಗೆ ವಿಷಲ್ ಬಂತು.

"ಅತ್ತೇ, ನಿಮ್ಮ ಮಗನ ವಿಷಲ್!" ಎಂದು ಟೀಚರ್ ಬಚ್ಚಲಿನಿಂದ ಕೂಗಿದಳು.

"ಜೇಬಲ್ಲೇ ಬಿಟ್ಟಿದ್ನಾ? 'ನೀನು ಜೇಬು ನೋಡ್ಲಿಲ್ವಾ' ಅಂತ ಅವನು ಕೇಳಿದ್ರೆ ನನಗೆ ಹೇಳು!" ಎಂದು ಗೋಡೆಯಾಚೆಯಿಂದ ಬಂತು.

ಮೆಕ್ಯಾನಿಕ್ ಆ ಪುಟ್ಟ ಬಾಗಿಲನ್ನು ತೆಗೆಯುವುದು, ತೊಳೆಯುವುದು, ಮುಚ್ಚುವುದು ಮೂರನ್ನೂ ಟೀಚರ್ ಕೈಯಲ್ಲೇ ಮಾಡಿಸಿದ. "ಇನ್ಮೇಲೆ ಇಷ್ಟಕ್ಕೆಲ್ಲ ನಮ್ಮನ್ನ ಕಾಯಬೇಡಿ ಅಕ್ಕ," ಎಂದ. ಆಮೇಲೆ ಕೋಡ್ ಕೇಳಲು ಅತ್ತೆಯ ಕೋಣೆಯ ಬಾಗಿಲಿಗೆ ಬಂದು ನಿಂತ.

"ಲೈನ್‌ನಲ್ಲೇ ಇರಪ್ಪ," ಎಂದರು ಅತ್ತೆ, ಫೋನನ್ನು ಎದೆಗೆ ಅವುಚಿಕೊಂಡು. "ತಿರುಗಲಿ. ಹಿಂಡಲಿ. ಹಿಂಡೋ ಸದ್ದು ನನಗೆ ಕೇಳಬೇಕು. ಅಲ್ಲೀತನಕ ನಿನ್ನ ಕರೆ ನಮಗೆ ಬಹಳ ಅಮೂಲ್ಯ."

ಅವನು ನಕ್ಕು ಬಾಗಿಲ ಪಕ್ಕದ ಕುರ್ಚಿಯ ಮೇಲೆ ಕೂತ. ಬಿಸಿಲಲ್ಲಿ ಅಲೆದವನಿಗೆ ಕೂರುವುದಕ್ಕೆ ಒಂದು ನೆಪ ಸಿಕ್ಕಿದ್ದಕ್ಕೆ ಬೇಸರವಿರಲಿಲ್ಲ. ಟೀಚರ್ ಅವನಿಗೊಂದು ಲೋಟ ನೀರು ಕೊಟ್ಟಳು, ಅತ್ತೆಗೊಂದು. ಗೋಡೆಯಾಚೆ ಮೆಷಿನ್ನು ಮೊದಲು ಗೊಣಗಿತು, ಆಮೇಲೆ ಹಾಡಿಕೊಂಡಿತು, ಕೊನೆಗೆ ಮನೆಯೇ ನಡುಗುವ ಹಾಗೆ ಹಿಂಡತೊಡಗಿತು. ಅತ್ತೆ ಕಣ್ಣು ಮುಚ್ಚಿ ಕೇಳಿ, ತೆರೆದು, ಒಂದೊಂದೇ ಅಂಕಿ ಸ್ಪಷ್ಟವಾಗಿ ಕೋಡ್ ಓದಿದರು, ಹಳೆಯ ಬೋರ್ಡಿನ ಮುಂದೆ ಕೂತಂತೆ. ಐದು ಸ್ಟಾರೂ ಕೊಟ್ಟರು.

ಟೀಚರ್ ಮತ್ತೆ ಬಯಲಿಗೆ ಹೊರಟ ಮೊದಲ ಬೆಳಿಗ್ಗೆ, ಮೆಷಿನ್ನಿನ ಗುಂಡಿ ಒತ್ತಿ, ಜಗ್ಗು ತುಂಬಿಸಿ, ಅತ್ತೆಯ ಕೋಣೆಗೆ ಬಂದಾಗ ಅವರು ಆಗಲೇ ಫೋನ್ ಹಿಡಿದಿದ್ದರು. ಅದೇ ಒಂದೇ ಸಾಲಿನ ಸಂಗೀತ.

"ಮತ್ತೇನು ಕೆಡ್ತು ಅತ್ತೆ?"

"ಏನೂ ಕೆಟ್ಟಿಲ್ಲ. ಆ ಹುಡುಗಿಗೆ ಒಂದು ಥ್ಯಾಂಕ್ಸ್ ಹೇಳೋಣ ಅಂತ. ದೂರಿಗೆ ಒಂದೊತ್ತಿ ಅಂತಾರೆ, ಹೊಸದು ಕೊಳ್ಳೋಕೆ ಎರಡೊತ್ತಿ ಅಂತಾರೆ. ಥ್ಯಾಂಕ್ಸಿಗೆ ಎಷ್ಟೊತ್ತಬೇಕು ಅಂತ ಹೇಳೋದೇ ಇಲ್ವಲ್ಲ ಇವರು! ಒಂದೇ ಒತ್ತಿದೀನಿ. ನೀನು ಹೋಗು, ನರ್ಸಮ್ಮ ಕಾಯ್ತಿರ್ತಾಳೆ."

ನರ್ಸಮ್ಮ ಕಾಯುತ್ತಿದ್ದಳು. ಮೇನ್ ರೋಡಿನವರ ಹತ್ತಿರ ಒಂದು ದಿನ ಹೋಗಿ, ಅವರು ಬರೀ ಕೂತಲ್ಲಿಂದ ಕೂಗುತ್ತಾರೆ, ಹಿಂದೆ ಓಡಿ ಬರುವುದಿಲ್ಲ ಎಂದು ಬಿಟ್ಟು ಬಂದಿದ್ದಳಂತೆ. ಟೀಚರ್ ಓಡಿದಳು. ಮಣಿಕಟ್ಟು ಇನ್ನೂ ನೋಯುತ್ತಿತ್ತು. ಹಿಡಿದಿದ್ದೇನೆ ಹಿಡಿದಿದ್ದೇನೆ ಎನ್ನುತ್ತ ಕೈ ಬಿಟ್ಟಳು. ನರ್ಸಮ್ಮ ಬಯಲಿನ ಆ ತುದಿಯವರೆಗೂ ಒಬ್ಬಳೇ ಹೋಗಿ, ತಿರುಗಿ ನೋಡಿ, ಕಿರುಚಿದಳು.

ಮನೆಗೆ ಮರಳಿದಾಗ ಮೆಷಿನ್ನು ಶೀಟು ಹಿಂಡಿಟ್ಟು ಸುಮ್ಮನಾಗಿತ್ತು. ಕೋಣೆಯಲ್ಲಿ ಸಂಗೀತ ಇನ್ನೂ ತಿರುಗುತ್ತಿತ್ತು.

"ಸಿಕ್ಕಿದ್ಲಾ?"

"ಬೇರೆ ಯಾರೋ ಎತ್ತಿದ್ರು. ದೂರೇನು ಅಂದ್ರು. ದೂರಿಲ್ಲ ಅಂದೆ. ಗಾಬರಿಯಾಗಿ ಹೋಲ್ಡಲ್ಲಿ ಇಟ್ಟಿದಾರೆ, ದೊಡ್ಡವರನ್ನ ಕೇಳ್ಕೊಂಡು ಬರ್ತಾರಂತೆ." ಅತ್ತೆ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿ, ಸ್ಟೂಲಿನ ಕಡೆ ಗಲ್ಲದಿಂದ ಸನ್ನೆ ಮಾಡಿದರು. "ಅವಳು ಸಿಗೋ ತನಕ ಇರ್ತೀನಿ. ಜಗ್ಗು ಖಾಲಿಯಾಗಿದೆ, ತುಂಬಿಸು."

ಟೀಚರ್ ಜಗ್ಗು ಎತ್ತಿಕೊಂಡಳು. ಹಗುರವಾಗಿತ್ತು.